ಬಿಕ್ಕಳಿಕೆ ಮಹಾರಾಜರು

ಕಪ್ಪುಬಿಳುಪು ಚಿತ್ರ, ಮರಾಠಿಯದು.
ಅರ್ಧ ಅರ್ಥವಾಗುತ್ತಿತ್ತು,
ಉಳಿದರ್ಧಕ್ಕೆ ಪಕ್ಕದವರು ನಕ್ಕಾಗ ನಕ್ಕೆವು.
ಭಾನುವಾರ, ಗ್ರಾಂಟ್ ರೋಡು, ಮ್ಯಾಟಿನಿ,
ಹನ್ನೆರಡಾಣೆಯ ಕುರ್ಚಿ, ತಗಣೆ ಪುಕ್ಕಟೆ.

ನಾನು ಮಾಟುಂಗದ ಹೋಟೆಲಿನ ಗಲ್ಲಾದಲ್ಲಿ ಕೂರುವವ.
ಕೆದಿಲಾಯ ಹಿಂದಿನ ಗಲ್ಲಿಯ ಗುಡಿಯಲ್ಲಿ
ಗಂಧ ತೇಯುವವ.
ಜುಟ್ಟು ಮುಚ್ಚಲೆಂದು ಮೊಟ್ಟೆ ಮಾರುವ ಇಸ್ಮಾಲಿಯ
ಟೊಪ್ಪಿ ಕಡ ತಂದಿದ್ದ.
ಟಿಕೆಟು ಹರಿಯುವವ ಸಲಾಂ ಅಂದ.
ಕೆದಿಲಾಯ ಬಲು ಗಂಭೀರವಾಗಿ
ವಾಲೇಕುಂ ಅಂದ.
ನನ್ನ ಲೆಕ್ಕದಲ್ಲಿ ಸಿನಿಮಾ ಶುರುವಾದದ್ದೇ ಅಲ್ಲಿಂದ.

ಕತೆ ಇಷ್ಟೆ:
ಒಬ್ಬ ವಿಮಾ ಏಜೆಂಟು, ಬಡಪಾಯಿ,
ತಪ್ಪು ಸ್ಟೇಷನ್ನಿನಲ್ಲಿ ಇಳಿದು ಬಿಸಿ ಭಜಿ ತಿನ್ನುತ್ತಾನೆ.
ಬಿಕ್ಕಳಿಕೆ ಹತ್ತುತ್ತದೆ.
ಗೂಡ್ಸ್ ಶೆಡ್ಡಿನ ಮೆಟ್ಟಿಲಲ್ಲಿ ಕಣ್ಣುಮುಚ್ಚಿ
ಉಸಿರು ಬಿಗಿಹಿಡಿದು ಕೂತಾಗ
ಒಬ್ಬಳು ಮುದುಕಿ ಬಂದು ಕೇಳುತ್ತಾಳೆ:
ನನ್ನ ಎಮ್ಮೆ ಸಿಕ್ಕೀತೇ ಬಾಬಾ?
ಬಿಕ್.
ಎಮ್ಮೆ ಸಿಗುತ್ತದೆ.
(ಅದಕ್ಕೂ ಮನೆಗೆ ಬರುವ ಹೊತ್ತಾಗಿತ್ತು, ಅಷ್ಟೆ.)

ಸಂಜೆಗೆ ತೆಂಗಿನಕಾಯಿ, ಮರುದಿನ ಚಪ್ಪರ,
ಮೂರನೆಯ ದಿನ
ಚಪ್ಪಲಿ ಕಾಯುವ ಗುತ್ತಿಗೆಗೆ ಹೊಡೆದಾಟ.
ಒಂದು ಬಿಕ್ಕು ಬಂದರೆ ಹೌದು, ಎರಡಾದರೆ ಅಲ್ಲ,
ಮೂರಕ್ಕೆ ಪಂಡಿತರು ಬೇಕು.
ಪಂಡಿತರು ಬಂದರು, ಎರಡು ಬೇರೆಬೇರೆ ಬಂಡಿಗಳಲ್ಲಿ.
ಬಿಕ್ಕು ಹೊರಡುವುದು ನಾಭಿಯಿಂದ ಎಂದು ಒಂದು ಪಕ್ಷ,
ಛೇ, ಗಂಟಲಿನಿಂದ ಎಂದು ಇನ್ನೊಂದು.
ನಾಭಿಯವರು ಅಡ್ಡ ಎಳೆದುಕೊಂಡರು,
ಗಂಟಲಿನವರು ಉದ್ದ.

ಅಷ್ಟಕ್ಕೆ ಕೆದಿಲಾಯ ಕುರ್ಚಿಯಿಂದ ಜಾರಿದ.
ನಗುವುದಲ್ಲ ಅದು,
ಒಳಗೆ ಯಾರೋ ತುಂಬಿದ ಕೊಡ ಬಗ್ಗಿಸಿದ ಹಾಗೆ.
ಟೊಪ್ಪಿ ಬಿತ್ತು, ಜುಟ್ಟು ಬಿಚ್ಚಿತು.
ಮುಂದಿನ ಸಾಲಿನ ಪಾರ್ಸಿ ಮುದುಕಿ ತಿರುಗಿ
ಟೊಪ್ಪಿ ನೋಡಿ, ಜುಟ್ಟು ನೋಡಿ,
ಆಮೇಲೆ ಪರದೆಯ ಕಡೆ ನೋಡಲೇ ಇಲ್ಲ.
ನಮ್ಮನ್ನು ನೋಡಿಯೇ ಅವಳ ದುಡ್ಡು ಹುಟ್ಟಿತು.

ನಡುವೆ ಒಂದು ಕಡೆ ಫಿಲ್ಮು ಎಗರುತ್ತದೆ.
ಕತ್ತರಿ ಆಡಿದ ಜಾಗ.
ಏಜೆಂಟು ಕೈಮುಗಿದು, "ಅಯ್ಯಾ, ದೇವರ..." ಅನ್ನುತ್ತಾನೆ,
ಮರುಕ್ಷಣ ಬಾಳೆಯೆಲೆಯ ಮುಂದೆ ಕೂತಿದ್ದಾನೆ.
ಏನು ಹೇಳಿದ? ವರ್ಷಗಟ್ಟಲೆ ಚರ್ಚೆ ಮಾಡಿದೆವು,
ನಾಭಿ, ಗಂಟಲಿನವರಿಗಿಂತ ಕಡಿಮೆಯೇನಲ್ಲ ನಾವೂ.
ಕೆದಿಲಾಯನ ಪಾಠ:
"ದೇವರಾಣೆ, ಮೊದಲು ನೀರು ಕೊಡಿ."

ಕೊನೆಗೂ ಶಾಲೆ ಬಿಟ್ಟು ಬರುವ ಹುಡುಗಿಯೊಬ್ಬಳು
ಒಂದು ಲೋಟ ನೀರು ಕೊಡುತ್ತಾಳೆ.
ಬಿಕ್ಕು ನಿಲ್ಲುತ್ತದೆ.
ಊರಿಡೀ ಕಿವಿಗೊಟ್ಟು ನಿಂತಿದೆ.
ಅವನು ಜನರ ನಡುವೆ ದಾರಿ ಮಾಡಿಕೊಂಡು
ಸ್ಟೇಷನ್ನಿಗೆ ನಡೆಯುತ್ತಾನೆ,
ಬಿಕ್ಕದವನ ಗುರುತು ಯಾರಿಗಿದೆ?
ಹಿಂದೆ, ದೂರದಲ್ಲಿ, ಲೋಟಕ್ಕೆ ಆರತಿ.

ದಾದರು ಬರುವ ತನಕ ಕೆದಿಲಾಯ ಮಾತಾಡಲಿಲ್ಲ.
ದೀಪದ ಹೊತ್ತೆಂದು ಓಡಿದ.
ನಾನೂ ಹಿಂದೆಯೇ ಹೋದೆ, ಕೆಟ್ಟ ಕುತೂಹಲ.
ಗಂಧ ಎಂದಿನಂತೆ ತೇಯುತ್ತಿದ್ದ,
ಒಂದು ಸುತ್ತೂ ಕಡಿಮೆ ಇಲ್ಲ.
ನಗು ಬರುವುದಿಲ್ಲವೋ ಮಾರಾಯ, ಅಂದೆ.
ಗರ್ಭಗುಡಿಯ ಕಡೆ ಗಲ್ಲ ಎತ್ತಿ ಹೇಳಿದ:
"ಬರುತ್ತದೆ. ಬಂದರೆ ಅವನಿಗೇ ಹೇಳುತ್ತೇನೆ.
ಉಳಿದವರೆಲ್ಲ ಬೇಡಲು ಬರುವವರು,
ಅವನಾದರೂ ಯಾರೊಟ್ಟಿಗೆ ನಗಬೇಕು, ಪಾಪ."

ಹೋದ ಕಾರ್ತಿಕದಲ್ಲಿ ಬಾಣಗಂಗೆಯ ಮೆಟ್ಟಿಲಲ್ಲಿ
ಅವನ ಹತ್ತನೆಯ ದಿನ.
ಪುರೋಹಿತ ಎಳೆಯ ಹುಡುಗ, ಹೊಸಬ,
ಚಾ ಗಟಗಟ ಕುಡಿದು ಬಂದಿರಬೇಕು.
ಎಳ್ಳು, ನೀರು, ಪಿಂಡ. ಬಾತುಕೋಳಿಗಳು.
ನಾನು ಸುಮ್ಮನೆ ಮನಸ್ಸಿನಲ್ಲೇ ಕೇಳಿದೆ:
ಇದ್ದೀಯೇನೋ?

ಮಂತ್ರದ ನಡುವೆ
ಬಿಕ್.

ಶಾಲು ಬಾಯಿಗೆ ತುರುಕಿಕೊಂಡೆ, ಕಣ್ಣಲ್ಲಿ ನೀರು.
ಅವನ ಮಗಳು ನನ್ನ ಬೆನ್ನು ಸವರಿದಳು,
ಅಳಬೇಡಿ ಮಾಮ, ಎಂದಳು.
ಎದ್ದು ಓಡಿದೆ, ಎಂಬತ್ತೆರಡರ ಮೊಣಕಾಲಲ್ಲಿ,
ಎರಡನೆಯದು ಬರುವ ಮೊದಲು
ಆ ಹುಡುಗನಿಗೊಂದು ಲೋಟ
ನೀರು ತರಲಿಕ್ಕೆ.